ಮನೆಮಂದಿಯ ಕಂಪನಿ

ಸಂಜೆ ಕೆಲಗೇರಿ ಕೆರೆ ಕಡೆ ತಿರುಗಾಡಲು ಹೊರಟಾಗ ನನ್ನ ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿಯೇ ಇರಬೇಕು. ಮೊನ್ನೆ ಮೊಮ್ಮಗಳು ಅದನ್ನು ತಿರುವಿ ನೋಡಿ, "ಅಜ್ಜಾ, ಇದು ಯಾವ ಕಂಪನೀದು? ಹೆಸರೇ ಇಲ್ಲಲ್ಲ!" ಎಂದಳು.

ಮಕ್ಕಳೇ, ನಾನೂ ಒಮ್ಮೆ ಹಾಗೇ ಕೇಳಿದ್ದೆ. ಬ್ಯಾಂಕಿನ ಗುಮಾಸ್ತನಾಗಿ ಅಥಣಿ ಕಡೆ ಇದ್ದಾಗ ಚಪ್ಪಲಿ ಮಾಡುವ ಹಿರಿಯರೊಬ್ಬರು ಸಾಲ ಕೇಳಲು ಬಂದರು. ಅರ್ಜಿ ತುಂಬುತ್ತ "ಕಂಪನಿ ಹೆಸರೇನ್ರಿ?" ಎಂದೆ. "ಕಂಪನಿ ಎಲ್ಲೀದ್ರಿ ಸಾಹೇಬ್ರ, ಮನಿ ಮಂದಿ ಕೂಡಿ ಮಾಡ್ತೇವಿ" ಎಂದು ನಕ್ಕರು.

ಒಂದು ರವಿವಾರ ಅವರ ಮನೆಗೆ ಹೋದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ಹದ ಮಾಡಿದ ಎಮ್ಮೆ ಚರ್ಮವನ್ನು ಅವರು ಅಟ್ಟೆಗೆ ಕತ್ತರಿಸುತ್ತಿದ್ದರು. ಹೆಂಡತಿ ಆಡಿನ ಚರ್ಮದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದರು. ಒಂದು ಮೊಳೆಯೂ ಇಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. (ಅದಕ್ಕೇ ಇದನ್ನು ಮಳೆಯಲ್ಲಿ ಮೆಟ್ಟಬಾರದು. ನಾನು ಒಂದು ಜೋಡಿ ಹಾಗೇ ಹಾಳು ಮಾಡಿದ್ದೇನೆ.) ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಕೆಲಸ ಅದು.

ಅರ್ಜಿಯಲ್ಲಿ ಒಂದೇ ಹೆಸರಿಗೆ ಜಾಗ. ಯಜಮಾನರದ್ದು ಬರೆದೆ. ಅಡವಿಡಲು ಆಸ್ತಿ ಇಲ್ಲವೆಂದು ಅದೂ ವಾಪಸ್ ಬಂತು. ಅವರು ವ್ಯಾಪಾರಿಯಿಂದ ಮುಂಗಡ ತಂದು, ಅವನು ಹೇಳಿದ ದರಕ್ಕೇ ಚಪ್ಪಲಿ ಕೊಟ್ಟರು. ಬಿಕಾಂ ಓದಿದ ನನಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಆದರೆ ಏನೂ ಮಾಡಲಿಲ್ಲ.

ಅಥಣಿ, ನಿಪ್ಪಾಣಿ ಕಡೆಯ ಮಾಲು ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗಿ ಆ ಊರಿನ ಹೆಸರು ಪಡೆಯಿತು. 2019ರ ಹೊತ್ತಿಗೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ನಮ್ಮ ಧಾರವಾಡವೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಮೂಲ ಯಾವುದೆಂದು ಹೇಳಿರಲಿಲ್ಲ, ಗದ್ದಲವಾದ ಮೇಲೆ ಒಪ್ಪಿಕೊಂಡಿತು.

ಹರಳಯ್ಯನ ಕಥೆ ಅಜ್ಜ-ಅಜ್ಜಿಯರಿಗೆ ಗೊತ್ತೇ ಇದೆ. ಬಸವಣ್ಣನವರಿಗಾಗಿ ಹರಳಯ್ಯ, ಕಲ್ಯಾಣಮ್ಮ ಇಬ್ಬರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರಂತೆ. ಅದನ್ನು ಹೇಳುತ್ತಿದ್ದಂತೆ ಮೊಮ್ಮಗಳು ಕೇಳಿದಳು: "ಮತ್ತ ಆ ಜಡಿ ಹೆಣಿಯೋ ಅಮ್ಮನ ಹೆಸರೇನು ಅಜ್ಜಾ?"

ಅವರ ಮನೆಯಲ್ಲಿ ಚಹಾ ಕುಡಿದು ಬಂದಿದ್ದೆ. ಹೆಸರು ಮಾತ್ರ ಕೇಳಿರಲಿಲ್ಲ.