ಬಂಡೆಯ ಲಿಪಿಯೂ ಜೀವಿಯ ಹೆಸರೂ

ಮುದಗಲ್ಲಿನ ಕೋಟೆಯ ಬಾಗಿಲಲ್ಲಿ ನಿಂತು ಕನ್ನಡ ಶಾಸನವೊಂದನ್ನು ಓದಲು ಯತ್ನಿಸುತ್ತಿದ್ದೆನು. ಹಿಂದಿನ ದಿನ ಮಸ್ಕಿಗೆ ಹೋಗಿ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೋಡಿ ಬಂದಿದ್ದೆನು. ಅದರ ಬ್ರಾಹ್ಮಿ ಅಕ್ಷರಗಳಲ್ಲಿ ಒಂದೂ ನನಗೆ ತಿಳಿಯಲಿಲ್ಲ. ಇಲ್ಲಿಯವನ್ನು ತಡವರಿಸಿಯಾದರೂ ಓದಬಲ್ಲೆ. ಆದರೆ ಆ ಲಿಪಿಯೇ ತಲೆಮಾರಿನಿಂದ ತಲೆಮಾರಿಗೆ ತಿರುಗುತ್ತ ಈ ಲಿಪಿಯಾಯಿತೆಂದು ಪಂಡಿತರ ಮತ. ಹಾಗಾದರೆ ಬ್ರಾಹ್ಮಿ ಮುಗಿದು ಕನ್ನಡ ಮೊದಲಾದುದು ಎಂದು? ತಂದೆ ಒಂದು ಲಿಪಿಯಲ್ಲಿ ಬರೆದು, ಮಗ ಇನ್ನೊಂದರಲ್ಲಿ ಬರೆದ ದಿನವೊಂದು ಇರಲೇ ಇಲ್ಲ.

ಗತಕಾಲದ ಜೀವಿಗಳನ್ನು ಅಭ್ಯಸಿಸುವ ವಿಜ್ಞಾನಿಗಳನ್ನು ಕಾಡುವ ಪ್ರಶ್ನೆಯೂ ಇದೇ. ತಮ್ಮೊಳಗೇ ಕೂಡಿ ಸಂತಾನ ಬೆಳೆಸುವ ಗುಂಪೇ ಒಂದು ಪ್ರಭೇದವೆಂದು ಅರ್ನ್ಸ್ಟ್ ಮೇಯರ್ ಅವರು 1942ರಲ್ಲಿ ಹೇಳಿದರು. ಬದುಕಿರುವ ಪ್ರಾಣಿಗಳಿಗೆ ಈ ಲಕ್ಷಣ ಸಲ್ಲಬಹುದು. ಕಲ್ಲಾದ ಎಲುಬಿಗೆ ಇದು ಹೇಗೆ ಸಲ್ಲೀತು? ಲಕ್ಷಾಂತರ ವರ್ಷಗಳ ಅಂತರದಲ್ಲಿ ಬಾಳಿದ ಮುತ್ತಜ್ಜನನ್ನೂ ಮರಿಮಗಳನ್ನೂ ಜೊತೆಗೂಡಿಸಿ ನೋಡಬಲ್ಲವರಾರು?

ಮಸ್ಕಿಯ ಪ್ರಾಚೀನ ನೆಲೆಯನ್ನು ಕಂಡಿದ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು, ಗೋಕಾಕದ ಬಳಿ ದೊರೆತ ಖಡ್ಗಮೃಗದ ಅವಶೇಷಕ್ಕೆ 1874ರಲ್ಲಿ ‘ರೈನೋಸಿರಸ್ ಡೆಕ್ಕನೆನ್ಸಿಸ್’ ಎಂಬ ಹೊಸ ಹೆಸರನ್ನಿತ್ತರು. ಹಿಂದುಮುಂದಿನ ಕೊಂಡಿಗಳು ಕಾಣದಿದ್ದಾಗ ಹೆಸರಿಡುವುದು ಸುಲಭ. ಸರಪಳಿ ಇಡಿಯಾಗಿ ದೊರೆತಾಗಲೇ ಕಷ್ಟ.

ಹಾಗೆ ದೊರೆತದ್ದೂ ಉಂಟು. 1972ರಲ್ಲಿ ಹಿಂದೂ ಮಹಾಸಾಗರದ ತಳವನ್ನು ಕೊರೆದು ತೆಗೆದ ಕೆಸರಿನಲ್ಲಿ, ಗ್ಲೋಬೊರೊಟೇಲಿಯಾ ಎಂಬ ಸೂಕ್ಷ್ಮಜೀವಿಯ ಚಿಪ್ಪುಗಳು ಪದರಪದರವಾಗಿ ಉಳಿದಿದ್ದವು. ಮಾಲ್ಮ್‌ಗ್ರೆನ್ ಮತ್ತು ಸಂಗಡಿಗರು ಅವನ್ನು ಅಳೆದು 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಕಾಲ ಆಕಾರ ಹೆಚ್ಚು ಬದಲಾಗಲಿಲ್ಲ. ಸುಮಾರು 50 ಲಕ್ಷ ವರ್ಷಗಳ ಹಿಂದೆ ಕೊನೆಗೊಂಡ 6 ಲಕ್ಷ ವರ್ಷಗಳ ಅವಧಿಯಲ್ಲಿ ಅದು ಮೆಲ್ಲಮೆಲ್ಲನೆ ಮಾರ್ಪಟ್ಟಿತು. ಬಳಿಕ ಮತ್ತೆ ನಿಂತಿತು. ಮೊದಲಿನದು ‘ಪ್ಲೀಸಿಯೋಟ್ಯುಮಿಡಾ’, ಕೊನೆಯದು ‘ಟ್ಯುಮಿಡಾ’. ನಡುವಿನದನ್ನು ಏನೆಂದು ಕರೆಯೋಣ?

ಇಂದು ಒಂದೇ ಪ್ರಭೇದದೊಳಗೆ ಕಾಣುವ ವ್ಯತ್ಯಾಸವನ್ನು ಮೀರಿದರೆ ಹೊಸ ಹೆಸರಿಡಬೇಕೆಂದು ಕೆಲವರ ವಾದ. ವಂಶ ಕವಲೊಡೆಯುವವರೆಗೆ ಹೆಸರು ಒಂದೇ ಇರಲೆಂಬುದು ಹೆನ್ನಿಗ್ ಅವರ ಪಂಥದವರ ನಿಲುವು. ಎರಡರಲ್ಲಿಯೂ ಗೆರೆ ಎಳೆಯುವವರು ನಾವೇ.

ಇದು ಬರಿಯ ಹೆಸರಿನ ಜಗಳವಲ್ಲ. ಅಳಿದ ಜೀವಿಗಳನ್ನು ಎಣಿಸುವಾಗ ಪ್ಲೀಸಿಯೋಟ್ಯುಮಿಡಾವನ್ನೂ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಸಂತಾನವಿಲ್ಲದೆ ನಶಿಸುವುದು ಬೇರೆ, ಸಂತಾನದಲ್ಲಿ ರೂಪಾಂತರಗೊಳ್ಳುವುದು ಬೇರೆ. ಟ್ಯುಮಿಡಾ ಈಗಲೂ ಕಡಲಿನಲ್ಲಿ ತೇಲುತ್ತಿದೆ.

ಕೋಟೆಯ ಶಾಸನದ ಸಾಲನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆನು. ಮಸ್ಕಿಯಲ್ಲಿ ನಾನು ಓದಲಾರದೆ ಹೋದ ಅಕ್ಷರಗಳ ಸಂತತಿಯವೇ ನನ್ನ ಕೈಯಿಂದ ಮೂಡುತ್ತಿದ್ದುವು.