ಒಬ್ಬನೇ ನಡೆಸುವ ದಂಡಯಾತ್ರೆ

ಮಲೆನಾಡಿನ ಮಳೆಗಾಲವು ಎಂತಹದೆಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಗೃಹಸ್ಥರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆಷಾಢದಲ್ಲಿ ಹಿಡಿದ ಜಡಿಮಳೆಯು ಕೆಲವೊಮ್ಮೆ ವಾರ ಕಳೆದರೂ ಬಿಡುವುದಿಲ್ಲ. ಎಲ್ಲಿಯೋ ಒಂದು ಮರವು ತಂತಿಯ ಮೇಲೆ ಬೀಳುತ್ತದೆ, ದೀಪವು ಆರುತ್ತದೆ. ಅದರ ಬೆನ್ನಲ್ಲಿಯೇ ಮೊಬೈಲಿನ ಸಂಪರ್ಕವೂ ಅಂತರ್ಜಾಲವೂ ನಿಲ್ಲುತ್ತವೆ. ಶಾಲೆಗೆ ರಜೆ ಕೊಟ್ಟಿರುತ್ತಾರೆ. ಇಂತಹ ದಿನಗಳಲ್ಲಿ ಮಕ್ಕಳ ಮನಸ್ಸು ಯಾವುದರಲ್ಲಿ ನಿಲ್ಲಬೇಕು? ನಮ್ಮ ಬಾಲ್ಯದಲ್ಲಿ ಚೆನ್ನೆಮಣೆಯಿತ್ತು, ಪಗಡೆಯಿತ್ತು, ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಡುತ್ತ ಕೇಳುವ ಕಥೆಗಳಿದ್ದುವು. ಈಗಿನವರಿಗೆ ಕಂಪ್ಯೂಟರ್ ಇದೆ. ಅದರ ಮುಂದೆ ಒಬ್ಬನೇ ಕುಳಿತು ಯುದ್ಧದ ಆಟವನ್ನಾಡುವುದು ಹಿತವೋ ಅಹಿತವೋ ಎಂಬ ಪ್ರಶ್ನೆಯು ಕೊಪ್ಪದ ಸಮೀಪದ ನಮ್ಮ ಮನೆಯಲ್ಲಿಯೇ ಎದ್ದಿತು. ಅದರಿಂದ ನಾವು ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ತಮ್ಮನ ಮಗನಿಗೆ ಹದಿನಾಲ್ಕು ವರ್ಷ. ನರಸಿಂಹರಾಜಪುರದಲ್ಲಿರುವ ಅವನ ಸೋದರಮಾವನು ತನ್ನ ಹಳೆಯ ಲ್ಯಾಪ್‌ಟಾಪನ್ನು ಓದಿಗೆ ಒದಗೀತೆಂದು ಅವನಿಗೆ ಕೊಟ್ಟಿದ್ದನು. ಅದರಲ್ಲಿ ‘ಏಜ್ ಆಫ್ ಎಂಪೈರ್ಸ್’ ಎಂಬ ಆಟದ ಎರಡನೆಯ ಭಾಗವಿತ್ತು. ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲೆದ್ದ ನನಗೆ ಜಗಲಿಯ ಕೋಣೆಯಲ್ಲಿ ಬೆಳಕು ಕಂಡಿತು. ಹುಡುಗನು ಕಂಬಳಿ ಹೊದ್ದು, ಕಣ್ಣು ಕೆಂಪಾಗಿ, ಯಾವುದೋ ಕೋಟೆಗೆ ಮುತ್ತಿಗೆ ಹಾಕುತ್ತಿದ್ದನು. ಮರುದಿನ ಅವನ ತಾಯಿಯು ಕಣ್ಣೊರಸಿಕೊಳ್ಳುತ್ತ, “ಭಾವ, ಇವನು ನಮ್ಮೊಡನೆ ಕೂತು ಊಟಮಾಡಿ ಹದಿನೈದು ದಿನವಾಯಿತು. ಕರೆದರೆ ಸಿಡುಕುತ್ತಾನೆ. ನೀವಾದರೂ ಹೇಳಿ” ಎಂದಳು. ತಮ್ಮನು ಯಂತ್ರವನ್ನೇ ಮಾರಿಬಿಡುವೆನೆಂದನು. ಅದೇನೆಂದು ನೋಡದೆ ತೀರ್ಪುಕೊಡುವುದು ಬೇಡವೆಂದು ನಾನು ಹೇಳಿ, ಆ ಮಧ್ಯಾಹ್ನ ಹುಡುಗನ ಪಕ್ಕದಲ್ಲಿ ಕುಳಿತೆನು.

ಆಟದ ರೀತಿ ಹೀಗಿದೆ. ಆರಂಭದಲ್ಲಿ ಆಡುವವನಿಗೆ ಒಂದು ಸಣ್ಣ ಊರೂ ಕೆಲವು ಮಂದಿ ಒಕ್ಕಲುಗಳೂ ದೊರೆಯುತ್ತಾರೆ. ಸುತ್ತಲಿನ ನೆಲವೆಲ್ಲ ಕತ್ತಲೆ ಕವಿದಿರುತ್ತದೆ. ತನ್ನವರು ನಡೆದು ನೋಡಿದಷ್ಟೇ ಬೆಳಕಾಗುತ್ತದೆ. ಒಕ್ಕಲುಗಳಿಂದ ಆಹಾರ, ಮರ, ಕಲ್ಲು, ಚಿನ್ನ ಎಂಬ ನಾಲ್ಕು ದ್ರವ್ಯಗಳನ್ನು ಕೂಡಿಸಬೇಕು. ಮನೆ, ಗದ್ದೆ, ಕಮ್ಮಾರಸಾಲೆ, ಕೋಟೆಗಳನ್ನು ಕಟ್ಟಬೇಕು. ಆಮೇಲೆ ದಂಡನ್ನು ಬೆಳೆಸಬೇಕು. ಎದುರಾಳಿಯು ಮನುಷ್ಯನಲ್ಲ, ಯಂತ್ರವೇ. ಹೀಗೆ ಒಂದು ಐತಿಹಾಸಿಕ ವ್ಯಕ್ತಿಯ ಕಥೆಯನ್ನು ಅಧ್ಯಾಯಗಳಾಗಿ ಹೆಣೆದು, ಒಂದನ್ನು ಗೆದ್ದವನಿಗೆ ಮುಂದಿನದನ್ನು ತೆರೆಯುವ ಸರಣಿಗೆ ದಂಡಯಾತ್ರೆಯೆಂದು ಹೆಸರು. ಇದಕ್ಕೆ ಅಂತರ್ಜಾಲವು ಬೇಕೇಬೇಕೆಂಬುದಿಲ್ಲ. ನಮ್ಮ ಕಡೆಯ ಮಳೆಗಾಲಕ್ಕೆ ಇದು ಒಗ್ಗಿದುದಕ್ಕೆ ಇದೇ ಕಾರಣ.

ಚದುರಂಗದಲ್ಲಿ ಸರದಿಯುಂಟು, ನಾವು ನಡೆಸುವ ತನಕ ಎದುರಾಳಿಯು ಕಾಯುತ್ತಾನೆ. ಇಲ್ಲಿ ಸರದಿಯಿಲ್ಲ, ನಾವು ಯೋಚಿಸುತ್ತಿರುವಾಗಲೂ ಶತ್ರುವು ಮರ ಕಡಿಯುತ್ತಾನೆ, ದಂಡು ಕಟ್ಟುತ್ತಾನೆ. ಅಡಕೆಯ ತೋಟವುಳ್ಳವರಿಗೆ ಇದು ಹೊಸತಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆ ಬಲಿಯುವುದಕ್ಕೆ ಮುಂಚೆ ಗೊನೆಗೆ ಹೊಡೆಯದಿದ್ದರೆ ಕೊಳೆರೋಗವು ನಮಗಾಗಿ ಕಾಯುವುದಿಲ್ಲ. ಆಳು, ಔಷಧ, ಬಿಸಿಲು ಇವು ಮೂರನ್ನೂ ಒಂದೇ ದಿನಕ್ಕೆ ಹೊಂದಿಸುವವನೇ ಜಾಣ. ಹುಡುಗನು ಒಂದು ಅಧ್ಯಾಯದಲ್ಲಿ ನಾಲ್ಕು ಸಲ ಸೋತಿದ್ದನು. ಏಕೆಂದು ಕೇಳಿದಾಗ, “ಗದ್ದೆ ಮಾಡುವ ಮೊದಲೇ ಕುದುರೆ ಸವಾರರನ್ನು ಮಾಡಿದೆ, ದೊಡ್ಡಪ್ಪ. ಆಹಾರ ಮುಗಿದುಹೋಯಿತು” ಎಂದನು. ಈ ಮಾತನ್ನು ಅವನ ತಂದೆಯು ತೋಟದ ವಿಷಯದಲ್ಲಿ ಎಷ್ಟೋ ಸಲ ಹೇಳಿದ್ದನು. ಹುಡುಗನ ಕಿವಿಗೆ ಬಿದ್ದಿರಲಿಲ್ಲ.

ಈ ಬಗೆಯ ಆಟಗಳಿಗೆ ಅಚ್ಚು ಹಾಕಿಕೊಟ್ಟುದು 1992ರಲ್ಲಿ ಅಮೆರಿಕದ ವೆಸ್ಟ್‌ವುಡ್ ಸಂಸ್ಥೆಯವರು ಹೊರತಂದ ‘ಡ್ಯೂನ್ 2’. 1994ರಲ್ಲಿ ‘ವಾರ್‌ಕ್ರಾಫ್ಟ್’ ಬಂದಿತು. 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಬಂದಿತು. ಅದರ ಎರಡನೆಯ ಭಾಗವು 1999ರಲ್ಲಿ ಬಂದು, 2019ರಲ್ಲಿ ಹೊಸ ರೂಪವನ್ನು ತಾಳಿತು. 2022ರಲ್ಲಿ ರಾಜೇಂದ್ರ ಚೋಳ, ದೇವಪಾಲ, ಬಾಬರ್ ಇವರ ದಂಡಯಾತ್ರೆಗಳೂ ಅದಕ್ಕೆ ಸೇರಿದುವು. ಆದರೆ ಒಬ್ಬರೇ ಕುಳಿತು ಬುದ್ಧಿಯ ಆಟವಾಡುವುದು ಪರದೇಶದಿಂದ ಬಂದುದೆಂದು ಯಾರೂ ತಿಳಿಯಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯೊಂದನ್ನೇ ಹಿಡಿದು, ಯಾವ ಮನೆಗೂ ಎರಡು ಬಾರಿ ಕಾಲಿಡದಂತೆ 64 ಮನೆಗಳನ್ನೂ ಸುತ್ತಿಸುವ ಬಂಧಗಳನ್ನು ರಚಿಸಿದರು. ಅಶೋಕವನದಲ್ಲಿ ಸೀತೆಯು ಒಬ್ಬಳೇ ಚೆನ್ನೆಮಣೆಯಾಡಿ ಹೊತ್ತು ಕಳೆದಳೆಂದು ಐತಿಹ್ಯವಿದೆ. ಒಬ್ಬರೇ ಆಡುವ ಆ ಕ್ರಮಕ್ಕೆ ಸೀತೆಯ ಆಟವೆಂದೇ ಹೆಸರು. ಆದುದರಿಂದ ಏಕಾಂತದಲ್ಲಿ ಆಡುವುದೇ ದೋಷವಲ್ಲ. ಹಾಗಾದರೆ ದೋಷವೆಲ್ಲಿದೆ?

ಹುಡುಗನು ಆಗ ಆಡುತ್ತಿದ್ದುದು ಫ್ರಾನ್ಸ್ ದೇಶದ ಜೋನ್ ಆಫ್ ಆರ್ಕ್ ಎಂಬ ಕನ್ಯೆಯ ದಂಡಯಾತ್ರೆ. ಅದರಲ್ಲಿ ಆರು ಅಧ್ಯಾಯಗಳು. 1429ರಲ್ಲಿ ಆರ್ಲಿಯನ್ಸ್ ನಗರದ ಮುತ್ತಿಗೆಯನ್ನು ಬಿಡಿಸಿದ ಆ ರೈತನ ಮಗಳನ್ನು ಮುಂದಿನ ವರ್ಷ ಶತ್ರುಗಳು ಹಿಡಿದರು; 1431ರಲ್ಲಿ ರೂಆನ್ ನಗರದಲ್ಲಿ ಸುಟ್ಟರು. ಆಟದಲ್ಲಿ ಐದು ಅಧ್ಯಾಯಗಳನ್ನು ಎಷ್ಟು ಚೆನ್ನಾಗಿ ಗೆದ್ದರೂ ಆರನೆಯದಕ್ಕೆ ಆಕೆಯಿಲ್ಲ. ಅಲ್ಲಿಗೆ ಬಂದ ದಿನ ಹುಡುಗನು ಆಟವನ್ನು ನಿಲ್ಲಿಸಿ ನನ್ನನ್ನು ಕರೆದನು. “ನಾನು ಎಲ್ಲಿಯೂ ಸೋಲಲಿಲ್ಲವಲ್ಲ, ದೊಡ್ಡಪ್ಪ. ಆದರೂ ಅವಳು ಯಾಕೆ ಸತ್ತಳು?” ಎಂದು ಕೇಳಿದನು. ಹದಿನೈದು ದಿನಗಳಲ್ಲಿ ಅವನು ತಾನಾಗಿ ನಮ್ಮಲ್ಲಿ ಯಾರನ್ನಾದರೂ ಮಾತನಾಡಿಸಿದುದು ಅದೇ ಮೊದಲು. ಆ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿರಲಿಲ್ಲ, ಮನೆಯವರಲ್ಲಿ ಇರಬೇಕಾಗಿತ್ತು.

ಮಳೆ ಸ್ವಲ್ಪ ಹೊಳವಾದ ದಿನ ಅವನನ್ನು ಕರೆದುಕೊಂಡು ಶೃಂಗೇರಿಗೆ ಹೋದೆನು. ದರ್ಶನವಾದ ಮೇಲೆ ತುಂಗೆಯ ಸೋಪಾನದ ಮೇಲ್ಗಡೆ ಕುಳಿತು ಒಂದು ಸಂಗತಿಯನ್ನು ಹೇಳಿದೆನು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರಲ್ಲಿ, ಮರಾಠಾ ದಂಡಿನ ಸವಾರರು ಈ ಶೃಂಗೇರಿಯನ್ನೇ ಸುಲಿದರು. ಅನೇಕರು ಸತ್ತರು, ಅನೇಕರು ಗಾಯಗೊಂಡರು. ಮಠದ ಸ್ವತ್ತು ಸೂರೆಹೋಯಿತು. ಸ್ವಾಮಿಗಳು ಸ್ಥಳವನ್ನು ಬಿಟ್ಟು ಕಾರ್ಕಳದಲ್ಲಿ ಇರಬೇಕಾಯಿತು. ಟಿಪ್ಪು ಸುಲ್ತಾನನು ಮಠಕ್ಕೆ ಬರೆದ ಪತ್ರಗಳಿಂದ ಇದು ತಿಳಿಯುತ್ತದೆ. ಪುನಃ ಪ್ರತಿಷ್ಠೆಗಾಗಿ ಅವನು ದ್ರವ್ಯವನ್ನು ಕೊಡಿಸಿದುದೂ ಅವುಗಳಲ್ಲಿದೆ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪ್ರಾಕ್ತನಶಾಸ್ತ್ರ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ನೀನು ಒಂದು ಗುಂಡಿಯೊತ್ತಿ ಊರು ಸುಡುತ್ತೀಯಲ್ಲ, ಹಾಗೆ ಸುಟ್ಟ ಊರಿನಲ್ಲಿ ಉಳಿದವರು ಮರುದಿನ ಏನು ಮಾಡಿದರೆಂಬುದನ್ನು ಆಟವು ತೋರಿಸುವುದಿಲ್ಲ, ಅದನ್ನು ಇಂತಹ ಪತ್ರಗಳಲ್ಲಿ ಓದಬೇಕು ಎಂದೆನು. ಹುಡುಗನು ಬಹಳ ಹೊತ್ತು ಹೊಳೆಯ ಮೀನುಗಳನ್ನು ನೋಡುತ್ತಿದ್ದು, “ಆ ಕಾಗದಗಳು ಕನ್ನಡದಲ್ಲಿವೆಯೇ?” ಎಂದು ಕೇಳಿದನು. ಹೌದೆಂದೆನು.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ಸುಳ್ಳಾದೀತು. ಆಟದ ಹುಚ್ಚು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳೆಲ್ಲ ಅದರ ಹಿಂದಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಈ ಮೂರೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆದು ಜೀವನವು ಕೆಟ್ಟರೆ ಅದನ್ನು ವ್ಯಾಧಿಯೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹವರಿಗಾಗಿಯೇ 2014ರಿಂದ ಒಂದು ಚಿಕಿತ್ಸಾ ವಿಭಾಗವಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಆಟಗಳೊಳಗೂ ತಾರತಮ್ಯವುಂಟೆಂಬುದನ್ನು ತಂದೆತಾಯಿಗಳು ಅರಿಯಬೇಕು. ನಮ್ಮ ನೆಂಟರೊಬ್ಬರ ಮಗನು ಮೊಬೈಲಿನ ಪಣದ ಆಟದಲ್ಲಿ ಮೊದಲು ನೂರಿನ್ನೂರು, ಕಡೆಗೆ ತಾಯಿಯ ಸಂಘದ ಸಾಲದ ಹಣವನ್ನೇ ಕಳೆದನು. ಹಣವನ್ನು ಪಣವಾಗಿಟ್ಟು ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಕೇಂದ್ರವು ಕಾನೂನನ್ನು ಮಾಡಿತು. ಒಂಟಿ ದಂಡಯಾತ್ರೆಯಾದರೋ ಹಾಗಲ್ಲ. ಅದಕ್ಕೆ ಆದಿಯೂ ಅಂತ್ಯವೂ ಇವೆ. ಊಟಕ್ಕೆ ಕರೆದಾಗ ಇದ್ದ ಸ್ಥಿತಿಯಲ್ಲಿಯೇ ಕಾದಿಟ್ಟು ಏಳಬಹುದು. ಅತ್ತ ಕಾಯುವ ಜೊತೆಗಾರರಾರೂ ಇಲ್ಲ. ಏಳಲಾರೆನೆಂದು ಹುಡುಗನು ಹೇಳಿದರೆ ಅದು ಆಟದ ಕಟ್ಟಳೆಯಲ್ಲ, ಅವನ ಮನಸ್ಸಿನ ದೌರ್ಬಲ್ಯ, ಅದನ್ನು ತಿದ್ದಬಹುದು.

ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಇಷ್ಟೆ. ಲ್ಯಾಪ್‌ಟಾಪು ಜಗಲಿಯ ಕೋಣೆಯಿಂದ ನಡುಮನೆಗೆ ಬಂದಿತು. ಸಂಜೆಯ ದೀಪ ಹಚ್ಚಿದ ಮೇಲೆ ಒಂದು ಗಂಟೆ ಮಾತ್ರ; ಅಧ್ಯಾಯವು ಮುಗಿಯದಿದ್ದರೆ ಕಾದಿಟ್ಟು ಏಳತಕ್ಕದ್ದು. ಊಟಕ್ಕೆ ಎಲೆ ಹಾಕಿದ ಮೇಲೆ ಯಾವ ಕೋಟೆಯೂ ಬೀಳಬಾರದು. ಗೆದ್ದ ಅಥವಾ ಸೋತ ಅಧ್ಯಾಯದ ಕಥೆಯನ್ನು ಊಟದ ಹೊತ್ತಿನಲ್ಲಿ ಅವನು ನಮಗೆ ಹೇಳಬೇಕು. ಮೊದಲ ವಾರ ಅವನು ಮುಖ ಊದಿಸಿಕೊಂಡು ನಾಲ್ಕೇ ಮಾತಿನಲ್ಲಿ ಮುಗಿಸಿದನು. ಎರಡನೆಯ ವಾರ ಅಜ್ಜಿಯು, “ಆ ಹುಡುಗಿಗೆ ತಾಯಿ ಇರಲಿಲ್ಲವೇನೋ?” ಎಂದು ಜೋನಳನ್ನು ಕುರಿತು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಹುಡುಕಿ ಓದಿ, ಮರುದಿನ ಬಂದು ಹೇಳಿದನು: ಮಗಳು ಸತ್ತ ಎಷ್ಟೋ ವರ್ಷಗಳ ಮೇಲೆ ಆ ತಾಯಿಯು ಧರ್ಮಾಧಿಕಾರಿಗಳ ಮುಂದೆ ನಿಂತು ನ್ಯಾಯ ಕೇಳಿದಳು, 1456ರಲ್ಲಿ ಹಳೆಯ ತೀರ್ಪು ರದ್ದಾಯಿತು. ಅಜ್ಜಿಯು ಸೆರಗಿನಿಂದ ಕಣ್ಣೊರಸಿಕೊಂಡಳು.

ಈಗಲೂ ಅವನು ಕೆಲವೊಮ್ಮೆ ಹತ್ತು ನಿಮಿಷ ಹೆಚ್ಚು ಬೇಡುವುದುಂಟು. ತಾಯಿಯು ಗದರುವುದೂ ಉಂಟು. ಗಣಿತದ ಅಂಕಗಳು ಇನ್ನೂ ಮೊದಲಿನಂತಾಗಿಲ್ಲ. ಆದರೆ ಊಟದ ಪಂಕ್ತಿಯಲ್ಲಿ ಅವನ ಎಲೆಯು ಖಾಲಿಯಾಗಿಲ್ಲ. ವಾಚಕರಲ್ಲಿ ನಮ್ಮ ಬಿನ್ನಹವು ಒಂದೇ: ಒಬ್ಬನೇ ಆಡುವ ಆಟವಾದರೂ ಮಗುವನ್ನು ಒಬ್ಬನನ್ನೇ ಬಿಟ್ಟು ಆಡಗೊಡಬಾರದು. ಬರುವ ಮಳೆಗಾಲದಲ್ಲಿ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಯಂತ್ರದ ಮುಂದೆ ದಂಡು ಕಟ್ಟುತ್ತಿದ್ದರೆ, ಗದರುವುದಕ್ಕೆ ಮುಂಚೆ ಒಂದು ಮಣೆಯನ್ನು ಹಾಕಿಕೊಂಡು ಪಕ್ಕದಲ್ಲಿ ಕುಳಿತು, ಕಥೆ ಎಲ್ಲಿಯ ತನಕ ಬಂದಿತೆಂದು ಕೇಳಿರಿ.