ಎಂಜಿನ್ನಿನ ಗಾಳಿಯ ದಾರಿ: ಕಡಿಮೆ ಖರ್ಚಿನಲ್ಲಿ ಏನನ್ನು ಬದಲಿಸಬಹುದು?

ಕಬ್ಬಿನ ಹಂಗಾಮಿನಲ್ಲಿ ಖಾನಾಪುರ ತಾಲೂಕಿನ ಹೊಲಗಳಿಂದ ಡಾಂಬರು ರಸ್ತೆಯನ್ನು ಮುಟ್ಟುವ ಬಂಡಿದಾರಿಗಳಲ್ಲಿ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಸಾಗುತ್ತವೆ. ಮುಂದಿನದು ಎಬ್ಬಿಸಿದ ಕೆಂಪು ಧೂಳನ್ನು ಹಿಂದಿನದು ಕುಡಿಯುತ್ತದೆ. ಚಾಲಕನು ಮೂಗಿಗೆ ವಸ್ತ್ರ ಕಟ್ಟಿಕೊಂಡು ಪಾರಾಗುತ್ತಾನೆ. ಎಂಜಿನ್ನಿಗೆ ಇರುವ ವಸ್ತ್ರವೆಂದರೆ ಏರ್ ಕ್ಲೀನರ್ ಒಂದೇ.

ಇತ್ತೀಚೆಗೆ ಈ ಏರ್ ಕ್ಲೀನರನ್ನೇ ತೆಗೆದುಹಾಕುವ ಅಥವಾ ಬದಲಿಸುವ ರೂಢಿ ಹೆಚ್ಚುತ್ತಿದೆ. ಕಾರಿಗೆ, ಜೀಪಿಗೆ, ಸರಕಿನ ಪಿಕಪ್ ಗಾಡಿಗೆ ಕಂಪನಿಯವರು ಕೊಟ್ಟ ಡಬ್ಬಿಯನ್ನು ಬಿಚ್ಚಿ ಬದಿಗಿಟ್ಟು, ಶಂಕುವಿನಾಕಾರದ ತೆರೆದ ಫಿಲ್ಟರನ್ನು ಕೂರಿಸಿದರೆ ಎಂಜಿನ್ "ಸಲೀಸಾಗಿ ಉಸಿರಾಡುತ್ತದೆ", ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಹಳ್ಳಿಯ ಮನೆಗಳಲ್ಲಿ ತಂದೆ ಕೊಂಡ ಜೀಪಿಗೆ ಮಗ ಇಂಥ ಫಿಲ್ಟರ್ ಹಾಕಿಸುವುದುಂಟು. ಶಬ್ದ ಗಡುಸಾಗುವುದರಿಂದ ಬಲವೂ ಹೆಚ್ಚಿತೆಂದು ತೋರುವುದು ಸಹಜ. ಆದರೆ ಶಬ್ದ ಬೇರೆ, ಬಲ ಬೇರೆ.

ಬಲ ಎಷ್ಟು ಹೆಚ್ಚೀತು?

ಇದನ್ನು ಲೆಕ್ಕದಿಂದಲೇ ನೋಡಬಹುದು. ಗಾಳಿಯ ದಾರಿಯಲ್ಲಿರುವ ತಡೆಯನ್ನು ನೀರಿನ ಕಂಬದ ಎತ್ತರದಿಂದ ಅಳೆಯುತ್ತಾರೆ. ಒಣ ಕಾಗದದ ಫಿಲ್ಟರ್ ಹೊಸದಿರುವಾಗ ಈ ತಡೆ ಕಡಿಮೆ ಇರುತ್ತದೆ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಅದು ಸುಮಾರು 63 ಸೆಂ.ಮೀ. ಮುಟ್ಟಿದಾಗ ಫಿಲ್ಟರ್ ಬದಲಿಸಬೇಕೆಂದು ಕೆಂಪು ಸೂಚಕ ತೋರಿಸುತ್ತದೆ. 25 ಸೆಂ.ಮೀ. ನೀರಿನ ತಡೆಯೆಂದರೆ ಬೆಳಗಾವಿಯ ಗಾಳಿಯ ಒತ್ತಡದಲ್ಲಿ ಶೇಕಡಾ 2.6 ಮಾತ್ರ. ಪೂರ್ತಿ ಕಟ್ಟಿಕೊಂಡ 63 ಸೆಂ.ಮೀ. ತಡೆಯೂ ಶೇಕಡಾ 7ನ್ನು ಮೀರುವುದಿಲ್ಲ.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವೆಯ ಕಡಲ ತೀರದಿಂದ ಚೋರ್ಲಾ ಘಟ್ಟ ಹತ್ತಿ, ಕಣಕುಂಬಿ, ಜಾಂಬೋಟಿಗಳ ಮೇಲೆ ಬೆಳಗಾವಿಗೆ ಬರುವ ಗಾಡಿ ಕೇವಲ ಎತ್ತರದ ಕಾರಣದಿಂದಲೇ ಗಾಳಿಯ ಒತ್ತಡದಲ್ಲಿ ಶೇಕಡಾ 8 ರಿಂದ 9ನ್ನು ಕಳೆದುಕೊಂಡಿರುತ್ತದೆ. ಯಾವ ಚಾಲಕನೂ ಅದಕ್ಕಾಗಿ ಗ್ಯಾರೇಜಿಗೆ ಹೋಗುವುದಿಲ್ಲ. ಹೀಗಿರುವಲ್ಲಿ, ಒಳ್ಳೆಯ ಸ್ಥಿತಿಯಲ್ಲಿರುವ ಫಿಲ್ಟರನ್ನು ಪೂರ್ತಿ ತೆಗೆದೇ ಬಿಟ್ಟರೂ ದೊರೆಯುವ ಲಾಭವು ಘಟ್ಟ ಹತ್ತುವಾಗ ಆದ ನಷ್ಟದ ಮೂರನೆಯ ಒಂದು ಪಾಲಿನಷ್ಟೇ ಸರಿ.

ಡೀಸೆಲ್ ಎಂಜಿನ್ನಿನಲ್ಲಿ ಬಲವನ್ನು ನಿರ್ಧರಿಸುವುದು ಪಂಪು ಕೊಡುವ ಎಣ್ಣೆಯ ಪ್ರಮಾಣ. ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತಿದ್ದ ಎಂಜಿನ್ನಿಗೆ ಗಾಳಿ ಹೆಚ್ಚಿಸಿದರೆ ಪ್ರಯೋಜನವುಂಟು. ಹೊಗೆಯಿಲ್ಲದೆ ಓಡುವ ಎಂಜಿನ್ನಿಗೆ ಹೆಚ್ಚಿನ ಗಾಳಿಯಿಂದ ಹೆಚ್ಚಿನ ಬಲವಿಲ್ಲ. ಪೆಟ್ರೋಲ್ ಕಾರಿನಲ್ಲಿ ದಿನದ ಓಡಾಟವೆಲ್ಲ ಅರ್ಧ ಮುಚ್ಚಿದ ಥ್ರಾಟಲ್ ತಟ್ಟೆಯ ಮೇಲೆ ನಡೆಯುವುದರಿಂದ ಫಿಲ್ಟರಿನ ಸಣ್ಣ ತಡೆ ಲೆಕ್ಕಕ್ಕೇ ಬರುವುದಿಲ್ಲ. ಇನ್ನು ತೆರೆದ ಫಿಲ್ಟರ್ ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಹೊರಗಿನ ಗಾಳಿಗಿಂತ ಅದು 20 ಡಿಗ್ರಿ ಬಿಸಿಯಾಗಿದ್ದರೆ ಸಾಂದ್ರತೆ ಶೇಕಡಾ 6ರಷ್ಟು ಇಳಿಯುತ್ತದೆ. ಅಂದರೆ ಒಂದು ಕೈಯಿಂದ ಗಳಿಸಿದ್ದರ ಇಮ್ಮಡಿಯನ್ನು ಇನ್ನೊಂದು ಕೈಯಿಂದ ಕಳೆದಂತಾಯಿತು. ಕಂಪನಿಯವರು ಗಾಳಿಯ ಬಾಯನ್ನು ರೇಡಿಯೇಟರಿನ ಮುಂದೆ ಅಥವಾ ಮಡ್‌ಗಾರ್ಡಿನ ಸಂದಿಯಲ್ಲಿ ಇಟ್ಟಿರುವುದು ತಂಪು ಗಾಳಿಗಾಗಿಯೇ. ಆ ಕೊಳವೆಯನ್ನು ರಿಪೇರಿಯ ಸಮಯದಲ್ಲಿ ತೆಗೆದು ಮರಳಿ ಹಾಕದೆ ಬಿಟ್ಟ ಗಾಡಿಗಳು ಎಷ್ಟೋ ಇವೆ. ಅದನ್ನು ಹುಡುಕಿ ಮತ್ತೆ ಕೂರಿಸುವುದೇ ಎಲ್ಲಕ್ಕಿಂತ ಅಗ್ಗದ ಸುಧಾರಣೆ.

ಎಂಜಿನ್ನನ್ನು ತಿನ್ನುವ ಮಣ್ಣು

ಎಂಜಿನ್ನಿಗೆ ಎಲ್ಲ ಧೂಳೂ ಒಂದೇ ಅಲ್ಲ. ಗಾಜಿನ ಭರಣಿಯಲ್ಲಿ ಹೊಲದ ಮಣ್ಣು ಹಾಕಿ, ನೀರು ತುಂಬಿ, ಕಲಕಿ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ. ಮರಳು ತಕ್ಷಣ ತಳಕ್ಕೆ ಕೂರುತ್ತದೆ. ಅದರ ಮೇಲೆ ರೇವೆ ನಿಧಾನವಾಗಿ ಇಳಿಯುತ್ತದೆ. ಜೇಡಿಯ ಕಣಗಳು 2 ಮೈಕ್ರಾನಿಗಿಂತ ಸಣ್ಣವು; ಈ ಗಾತ್ರದ ಕಣ 10 ಸೆಂ.ಮೀ. ಇಳಿಯಲು ಸುಮಾರು 8 ತಾಸು ಬೇಕು.

ಗಾಳಿಯಲ್ಲೂ ಇದೇ ಕ್ರಮ. ಮರಳಿನ ಕಣ ಗಾಲಿಯ ಹತ್ತಿರವೇ ಬೀಳುತ್ತದೆ. 5 ಮೈಕ್ರಾನಿನ ರೇವೆಯ ಕಣ ಎರಡು ಮೀಟರ್ ಎತ್ತರದಿಂದ ನಿಂತ ಗಾಳಿಯಲ್ಲಿ ನೆಲ ಮುಟ್ಟಲು ಕಾಲು ತಾಸು ಹಿಡಿಯುತ್ತದೆ. ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವಿನ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ಬಹಳ ಸಣ್ಣ ಕಣ ಎಣ್ಣೆಯೊಡನೆ ತೇಲಿ ಹೋಗುತ್ತದೆ. ಪದರದಷ್ಟೇ ಅಥವಾ ತುಸು ದೊಡ್ಡದಾದ ಕಣ, ಅಂದರೆ 5 ರಿಂದ 20 ಮೈಕ್ರಾನಿನ ರೇವೆ, ಎರಡು ಲೋಹಗಳ ನಡುವೆ ಸಿಕ್ಕಿ ಅರದಂತೆ ಉಜ್ಜುತ್ತದೆ. ಮಣ್ಣಿನಲ್ಲಿರುವ ಬೆಣಚಿನ ಕಲ್ಲಿನ ಗಡಸುತನ ಮೋಸ್ ಮಾಪನದಲ್ಲಿ 7. ಸಿಲಿಂಡರಿನ ಬೀಡು ಅದರ ಮುಂದೆ ಮೆದು. ಖಾನಾಪುರದ ಜಂಬಿಟ್ಟಿಗೆ ನೆಲದ ಕೆಂಪು ಧೂಳಿನಲ್ಲಿ ಬೆಣಚಿನ ಜೊತೆಗೆ ಕಬ್ಬಿಣದ ಆಕ್ಸೈಡ್ ಕಣಗಳೂ ಇರುತ್ತವೆ. ಬೆಳಗಾವಿಯ ಮೂಡಣ ಭಾಗದ ಎರೆಭೂಮಿಯ ಧೂಳಿನಲ್ಲಿ ಜೇಡಿಯ ಪಾಲು ಹೆಚ್ಚು. ಅದು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ.

ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ತಾಸಿಗೆ ಸುಮಾರು 125 ಘನ ಮೀಟರ್, 8 ತಾಸಿನ ದಿನಕ್ಕೆ 1000 ಘನ ಮೀಟರ್ ಗಾಳಿ ಎಳೆಯುತ್ತದೆ. ದಟ್ಟ ಧೂಳಿನಲ್ಲಿ ಘನ ಮೀಟರಿಗೆ 1 ಗ್ರಾಂ ಎಂದು ಹಿಡಿದರೆ ದಿನಕ್ಕೆ 1 ಕಿಲೋ ಮಣ್ಣು. ಎಣ್ಣೆಯ ಏರ್ ಕ್ಲೀನರ್ ಇದರಲ್ಲಿ ಶೇಕಡಾ 95 ರಿಂದ 98ನ್ನು ತಡೆದರೆ 20 ರಿಂದ 50 ಗ್ರಾಂ ಒಳಗೆ ಹೋಯಿತು. ಒಳ್ಳೆಯ ಕಾಗದದ ಫಿಲ್ಟರ್ ಶೇಕಡಾ 99.5ನ್ನು ತಡೆದರೆ 5 ಗ್ರಾಂ. ಸಡಿಲ ಕ್ಲಿಪ್ಪಿನ ಸಂದಿಯಲ್ಲಿ ಈ ಲೆಕ್ಕವೇ ಇಲ್ಲ; ಅಲ್ಲಿ ನುಗ್ಗಿದ್ದೆಲ್ಲವೂ ನೇರವಾಗಿ ಸಿಲಿಂಡರಿಗೆ.

ಹಣ ಹಾಕಬೇಕಾದ ಕಡೆ

ಫಿಲ್ಟರಿನಿಂದ ಎಂಜಿನ್ನಿನವರೆಗಿನ ರಬ್ಬರ್ ಹೋಸನ್ನು ಮೊದಲು ನೋಡತಕ್ಕದ್ದು. ಬಿಸಿಲಿಗೆ ಅದು ಒಣಗಿ, ಮಡಿಕೆಯ ಅಡಿಭಾಗದಲ್ಲಿ ಬಿರಿಯುತ್ತದೆ. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹೋಸನ್ನು ಬಿಚ್ಚಿ ಒಳಮೈಗೆ ಬಿಳಿ ಬಟ್ಟೆ ಸವರಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಸೋರಿಕೆ ಇದೆ. ಬಿರಿದ ಹೋಸಿಗೆ ಟೇಪು ಸುತ್ತುವುದು ಎರಡು ದಿನದ ಮಾತು, ಹೊಸದನ್ನೇ ಹಾಕಬೇಕು. ತಂತಿ ಬಿಗಿದ ಜೋಡಣೆಗಳನ್ನು ತೆಗೆದು ಸ್ಕ್ರೂ ಕ್ಲಿಪ್ಪು ಹಾಕಬೇಕು. ಒಂದು ಕ್ಲಿಪ್ಪಿಗೆ ಹತ್ತಾರು ರೂಪಾಯಿ, ಸವೆದ ಸಿಲಿಂಡರಿನ ಬೋರ್ ಕೆಲಸಕ್ಕೆ ಹತ್ತಾರು ಸಾವಿರ. ಬೋರ್ ಮಾಡಿಸಿದ ಎಂಜಿನ್ನಿಗೆ ಹಳೆಯ ಹೋಸನ್ನೇ ಮತ್ತೆ ಹಾಕಿ ಕೊಡುವ ಮಿಸ್ತ್ರಿಗಳೂ ಇದ್ದಾರೆ. ಅಂಥ ಎಂಜಿನ್ ವರ್ಷ ತುಂಬುವುದರೊಳಗೆ ಮತ್ತೆ ಎಣ್ಣೆ ಸುಡಲು ಆರಂಭಿಸಿದರೆ ಆಶ್ಚರ್ಯವಿಲ್ಲ.

ಟರ್ಬೋ ಇಲ್ಲದ ಹಳೆಯ ಟ್ರ್ಯಾಕ್ಟರಿನಲ್ಲಿ ಸೋರಿಕೆಯನ್ನು ಹೀಗೂ ಪರೀಕ್ಷಿಸಬಹುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಏರ್ ಕ್ಲೀನರಿನ ಬಾಯಿಗೆ ದಪ್ಪ ರಬ್ಬರ್ ಅಂಟಿಸಿದ ಹಲಗೆಯನ್ನು ಒತ್ತಿ ಹಿಡಿಯಬೇಕು, ಬರಿಗೈ ಇಡಬಾರದು. ದಾರಿ ಭದ್ರವಾಗಿದ್ದರೆ ಎಂಜಿನ್ ಕೆಲವೇ ಕ್ಷಣಗಳಲ್ಲಿ ನಿಲ್ಲುತ್ತದೆ. ನಿಲ್ಲದೆ ಓಡಿದರೆ ಬೇರೆ ಕಡೆಯಿಂದ ಗಾಳಿ ಬರುತ್ತಿದೆ ಎಂದರ್ಥ. ಟರ್ಬೋ ಇರುವ ಎಂಜಿನ್ನಿಗೆ ಈ ಪರೀಕ್ಷೆ ಸಲ್ಲದು.

ಎರಡನೆಯದು ಪ್ರಿ-ಕ್ಲೀನರ್. ಬಾನೆಟ್ಟಿನ ಮೇಲೆ ಪಾರದರ್ಶಕ ಡಬ್ಬಿಯಂತೆ ಕಾಣುವ ಈ ಭಾಗ ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುತ್ತದೆ. ಒಡೆದು ಹೋಯಿತೆಂದು ಅದನ್ನು ಬಿಟ್ಟು ಓಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಇಲ್ಲದ ಟ್ರ್ಯಾಕ್ಟರಿಗೆ ಅಳತೆಗೆ ಸರಿಯಾದ ಪ್ರಿ-ಕ್ಲೀನರನ್ನು ಹೊರಗಿನಿಂದ ಕೊಂಡು ಕೂರಿಸುವುದಾದರೆ ಅದು ಹಣ ಕೊಟ್ಟು ಮಾಡಬಹುದಾದ ಒಳ್ಳೆಯ ಬದಲಾವಣೆ. ಡಬ್ಬಿ ಗುರುತಿನವರೆಗೆ ತುಂಬುವ ಮುನ್ನ ಬರಿದು ಮಾಡಬೇಕು.

ಎಣ್ಣೆಯ ಏರ್ ಕ್ಲೀನರಿನಲ್ಲಿ ಎಣ್ಣೆ ಗುರುತಿನ ಮಟ್ಟಕ್ಕೇ ಇರಬೇಕು. ಕಡಿಮೆಯಾದರೆ ಧೂಳು ನುಗ್ಗುತ್ತದೆ. ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದು ಸುಟ್ಟು ಹಿಡಿತ ತಪ್ಪಿ ಓಡುವ ಅಪಾಯವಿದೆ. ತಳದಲ್ಲಿ ಒಂದು ಸೆಂ.ಮೀ. ಕೆಸರು ಕೂತಾಗ ಎಣ್ಣೆ ಬದಲಿಸಬೇಕು. ಧೂಳಿನ ಕೆಲಸದಲ್ಲಿ ದಿನಾಲೂ ತೆಗೆದು ನೋಡಬೇಕು. ಇಳಿಜಾರಿನಲ್ಲಿ ದುಡಿಯುವ ಟ್ರ್ಯಾಕ್ಟರಿನಲ್ಲಿ ಎಣ್ಣೆ ಒಂದು ಬದಿಗೆ ವಾಲುವುದರಿಂದ ಶೋಧನೆ ಇನ್ನಷ್ಟು ಕುಗ್ಗುತ್ತದೆ. ಇಂಥಲ್ಲಿ ಕಾಗದದ ಫಿಲ್ಟರಿಗೆ ಬದಲಿಸುವುದು ಯೋಗ್ಯ, ಆದರೆ ಅದೇ ಎಂಜಿನ್ನಿಗೆ ಕಂಪನಿ ಒಪ್ಪಿದ ಡಬ್ಬಿ ಸಮೇತ. ಬೇರೆ ಗಾಡಿಯ ಡಬ್ಬಿಯನ್ನು ಕತ್ತರಿಸಿ ಬೆಸುಗೆ ಹಾಕಿದರೆ ಬೆಸುಗೆಯ ಸಣ್ಣ ತೂತೇ ಸಾಕು, ಮಾಡಿದ್ದೆಲ್ಲ ವ್ಯರ್ಥ.

ಕಾಗದದ ಫಿಲ್ಟರನ್ನು ಪದೇ ಪದೇ ಬಿಚ್ಚಿ ಬಡಿಯುವುದೂ ಹಾನಿಕರ. ತುಸು ಧೂಳು ಕೂತ ಕಾಗದ ಹೊಸ ಕಾಗದಕ್ಕಿಂತ ಚೆನ್ನಾಗಿ ಸೋಸುತ್ತದೆಂಬುದು ಹಲವರಿಗೆ ನಂಬಲು ಕಷ್ಟವಾದರೂ ನಿಜ. ಬಿಚ್ಚಿದಾಗಲೆಲ್ಲ ಸ್ವಚ್ಛ ಬದಿಗೆ ಧೂಳು ಉದುರುವ ಅವಕಾಶವಿದೆ. ಗಾಳಿ ಊದುವುದಾದರೆ ಒಳಗಿನಿಂದ ಹೊರಕ್ಕೆ, ಚದರ ಸೆಂ.ಮೀ.ಗೆ 2 ಕಿಲೋ ಮೀರದ ಒತ್ತಡದಲ್ಲಿ ಊದಬೇಕು. ಆಮೇಲೆ ಒಳಗೆ ಬಲ್ಬು ಇಳಿಸಿ ನೋಡಬೇಕು. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಫಿಲ್ಟರ್ ಮುಗಿಯಿತು. ಒಳಗಿನ ಎರಡನೆಯ ಸಣ್ಣ ಫಿಲ್ಟರನ್ನು ಊದಲೂಬಾರದು, ತೊಳೆಯಲೂಬಾರದು.

ಮನೆಯಲ್ಲೇ ಮಾಡಿಕೊಳ್ಳುವ ಅಳತೆ

ಫಿಲ್ಟರ್ ಯಾವಾಗ ಬದಲಿಸಬೇಕೆಂದು ತಿಳಿಯಲು ಮೂರು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಾಕು. ಅದನ್ನು ಹಲಗೆಯ ಮೇಲೆ 'ಯು' ಆಕಾರದಲ್ಲಿ, ಎರಡೂ ತೋಳು ಒಂದು ಮೀಟರ್ ಉದ್ದವಿರುವಂತೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಬೇಕು. ಉಳಿದ ಒಂದು ತುದಿಯನ್ನು ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಸೂಚಕ ಕೂರುವ ತೂತಿಗೆ ಜೋಡಿಸಿ, ಇನ್ನೊಂದನ್ನು ತೆರೆದಿಡಬೇಕು. ಎಂಜಿನ್ನಿನ ವೇಗವನ್ನು ನಿಧಾನವಾಗಿ ಪೂರ್ತಿ ಏರಿಸಿ ಎರಡೂ ತೋಳುಗಳ ನೀರಿನ ಮಟ್ಟದ ಅಂತರವನ್ನು ಅಳೆಯಬೇಕು. ಟರ್ಬೋ ಇಲ್ಲದ ಡೀಸೆಲ್ ಎಂಜಿನ್ನಿಗೆ ಹೊರೆಯಿಲ್ಲದೆಯೇ ಈ ಅಳತೆ ಸರಿಯಾಗಿ ಸಿಗುತ್ತದೆ. ಹೊಸ ಫಿಲ್ಟರ್ ಹಾಕಿದ ದಿನದ ಅಂಕಿಯನ್ನು ಬಾನೆಟ್ಟಿನ ಒಳಬದಿಗೆ ಬಣ್ಣದಲ್ಲಿ ಬರೆದಿಡಬೇಕು. ಅಂತರವು ಕೈಪಿಡಿಯ ಮಿತಿಯನ್ನು ಮುಟ್ಟುವವರೆಗೆ ಫಿಲ್ಟರನ್ನು ಮುಟ್ಟುವ ಕಾರಣವಿಲ್ಲ. ಹಂಗಾಮು ಸಾಗಿದರೂ ಅಂಕಿ ಏರದೆ ನಿಂತಿದ್ದರೆ ಸಂತೋಷಪಡಬಾರದು. ಫಿಲ್ಟರ್ ಹರಿದಿರಬಹುದು ಅಥವಾ ಡಬ್ಬಿಯ ಮುಚ್ಚಳ ಸಡಿಲವಿರಬಹುದು.

ಎಲೆಕ್ಟ್ರಾನಿಕ್ ನಿಯಂತ್ರಣವುಳ್ಳ ಗಾಡಿಗಳ ಮಾತು ಬೇರೆ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ವಾಹನಗಳಲ್ಲಿ ಗಾಳಿಯ ಪ್ರಮಾಣವನ್ನು ಅಳೆದೇ ಎಣ್ಣೆ ಬಿಡಲಾಗುತ್ತದೆ. ಎಣ್ಣೆ ಸವರಿದ ಹತ್ತಿ ಫಿಲ್ಟರಿನಿಂದ ಹಾರಿದ ಹನಿ ಆ ಅಳತೆಯ ತಂತಿಗೆ ಹತ್ತಿದರೆ ಲೆಕ್ಕವೇ ತಪ್ಪುತ್ತದೆ. ಇವುಗಳಲ್ಲಿ ಕಂಪನಿಯ ಫಿಲ್ಟರನ್ನೇ ಹಾಕುವುದು ಲೇಸು.

ಮಳೆಗಾಲದ ಎತ್ತರದ ಕೊಳವೆ

ಖಾನಾಪುರದ ಪಶ್ಚಿಮ ಭಾಗದಲ್ಲಿ ಮಳೆಗಾಲದಲ್ಲಿ ತಗ್ಗು ಸೇತುವೆಗಳ ಮೇಲೆ ನೀರು ಹರಿಯುವುದರಿಂದ ಜೀಪಿನ ಗಾಳಿಯ ಬಾಯನ್ನು ಕೊಳವೆಯಿಂದ ಎತ್ತರಿಸುವ ಬಯಕೆ ಸಹಜ. ಪಿ.ವಿ.ಸಿ. ಪೈಪಿನಿಂದ ಮಾಡುವುದಾದರೆ ಅದು ಫಿಲ್ಟರಿನ ಮುಂಚಿನ ಭಾಗದಲ್ಲಿ, ಸೈಲೆನ್ಸರಿನ ಬಿಸಿಯಿಂದ ದೂರದಲ್ಲಿ ಮಾತ್ರ ಇರಬೇಕು. ಒಳವ್ಯಾಸ ಮೂಲ ಕೊಳವೆಗಿಂತ ಕಡಿಮೆಯಾಗಕೂಡದು: 75 ಮಿ.ಮೀ. ಇದ್ದಲ್ಲಿ 63 ಮಿ.ಮೀ. ಹಾಕಿದರೆ ದಾರಿಯ ವಿಸ್ತಾರ ಶೇಕಡಾ 30ರಷ್ಟು ಕುಗ್ಗುತ್ತದೆ. ಚೂಪು ತಿರುವುಗಳ ಬದಲು ಉದ್ದ ಬಾಗಿನ ಎಲ್ಬೋ ಬಳಸಬೇಕು. ಫಿಲ್ಟರ್ ಡಬ್ಬಿಯ ತಳದ ಧೂಳು ಉದುರುವ ರಬ್ಬರ್ ಬಾಯಿಯಿಂದಲೂ ನೀರು ಒಳಬರಬಹುದೆಂಬುದನ್ನು ಮರೆತು ಮೇಲಿನ ಬಾಯನ್ನಷ್ಟೇ ಎತ್ತರಿಸಿದರೆ ಉಪಯೋಗವಿಲ್ಲ. ಬಾನೆಟ್ ಅಥವಾ ಬಾಡಿಯನ್ನು ಕತ್ತರಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಅವಶ್ಯ. ವಾಹನದ ಮೂಲ ಸ್ವರೂಪ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ.

ಕೊಳವೆ ಇದ್ದರೂ ಎಂಜಿನ್ ನೀರಿನ ನಡುವೆ ನಿಂತುಬಿಟ್ಟರೆ ಮತ್ತೆ ಸ್ಟಾರ್ಟರ್ ಒತ್ತಬಾರದು, ತಳ್ಳಿಯೂ ಚಾಲೂ ಮಾಡಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ಎಳೆದು ದಡಕ್ಕೆ ತಂದು, ಫಿಲ್ಟರ್ ಡಬ್ಬಿ ತೆರೆದು ನೋಡಬೇಕು. ಒಳಗೆ ಒದ್ದೆಯಿದ್ದರೆ ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಿ, ಎಂಜಿನ್ ಎಣ್ಣೆ ಬಿಳಿಚಿದೆಯೇ ಎಂದು ಪರೀಕ್ಷಿಸಿದ ನಂತರವೇ ಚಾಲೂ ಮಾಡತಕ್ಕದ್ದು.